ಕಲಿಕಾ ಫಲಗಳನ್ನು ಇಟ್ಟುಕೊಂಡು ಆರರಿಂದ ಎಂಟನೇ ತರಗತಿಯ ಓದನ್ನು ಯೋಜಿಸುವುದು ಹೇಗೆ?

ಕೇಳಿದವರು: ಹೊಸದಾಗಿ ಸೇರುತ್ತಿರುವ ಕನ್ನಡ ಶಿಕ್ಷಕಿ, ಬೆಂಗಳೂರು ಉತ್ತರ

ಈ ಜೂನ್‌ನಿಂದ ಒಂದು ಅನುದಾನಿತ ಶಾಲೆಗೆ ಸೇರುತ್ತಿದ್ದೇನೆ. ಆರು, ಏಳು, ಎಂಟು ಮೂರೂ ತರಗತಿಗಳ ಪ್ರಥಮ ಭಾಷೆ ಕನ್ನಡ ನನ್ನದೇ. ವಾರ್ಷಿಕ ಯೋಜನೆಯಲ್ಲಿ ಪ್ರತಿ ಪಾಠದ ಎದುರು ಕಲಿಕಾ ಫಲ, ಅಂದರೆ ಕಲಿತ ಮೇಲೆ ಮಗುವಿಗೆ ಬರಬೇಕಾದದ್ದು, ಬರೆದು ತರಬೇಕೆಂದು ಮುಖ್ಯ ಶಿಕ್ಷಕರು ಹೇಳಿದ್ದಾರೆ. ಪಟ್ಟಿ ಮುಂದಿಟ್ಟುಕೊಂಡು ಕುಳಿತರೆ ಎಲ್ಲ ಫಲಗಳೂ ಎಲ್ಲ ಪಾಠಗಳಿಗೂ ಒಪ್ಪುವಂತೆಯೇ ಕಾಣುತ್ತವೆ. ಮಕ್ಕಳಲ್ಲಿ ಸರಾಗವಾಗಿ ಓದುವವರೂ ಇದ್ದಾರೆ, ಒತ್ತಕ್ಷರ ಬಂದಲ್ಲಿ ತಡವರಿಸುವವರೂ ಇದ್ದಾರೆ. ಎಲ್ಲಿಂದ ಶುರು ಮಾಡಲಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ, ರಾಜಾಜಿನಗರ

ಮೇಡಂ, ಪಾಠಕ್ಕೊಂದು ಫಲ ಎಂದು ಹಂಚಲು ಹೋಗಬೇಡಿ. ತೊಂದರೆ ಶುರುವಾಗುವುದೇ ಅಲ್ಲಿ. 2017ರಲ್ಲಿ ಶಿಕ್ಷಣ ಹಕ್ಕು ನಿಯಮಗಳಿಗೆ ತಿದ್ದುಪಡಿಯಾಗಿ ಕಲಿಕಾ ಫಲಗಳು ಸೇರಿದಾಗ ಅವನ್ನು ತರಗತಿವಾರು, ವಿಷಯವಾರು ಎಂದೇ ಹೇಳಲಾಯಿತು. ಅದೇ ವರ್ಷ ಕೇಂದ್ರದ ಶೈಕ್ಷಣಿಕ ಸಂಸ್ಥೆ ಎನ್‌ಸಿಇಆರ್‌ಟಿ ಹೊರತಂದ ದಸ್ತಾವೇಜಿನ ಕ್ರಮವೂ ಅದೇ. ಆರನೇ ತರಗತಿ ಮುಗಿಯುವ ಹೊತ್ತಿಗೆ ಮಗುವಿಗೆ ಏನು ಬರಬೇಕು ಎಂಬುದು ಅದರ ಲೆಕ್ಕ. ಜುಲೈನಲ್ಲಿ ಒಂದು ಪದ್ಯ ಮುಗಿಸಿ, ‘ಊಹಿಸಿ ಅರ್ಥೈಸುವುದು ಸಾಧಿಸಲಾಗಿದೆ’ ಎಂದು ಗುರುತು ಹಾಕಿ ಮುಂದೆ ಹೋಗುವುದಕ್ಕೆ ಅದನ್ನು ಬರೆದಿಲ್ಲ.

ನಾನು ಓದಿಗೆ ಸಂಬಂಧಿಸಿದ ಐದನ್ನು ಮಾತ್ರ ಆರಿಸಿಕೊಳ್ಳುತ್ತೇನೆ: ಮುಖ್ಯ ವಿಚಾರವನ್ನೂ ಪೂರಕ ವಿವರವನ್ನೂ ಬೇರ್ಪಡಿಸುವುದು, ಬರೆದಿಲ್ಲದ್ದನ್ನು ಬರೆದಿರುವುದರ ಆಧಾರದಿಂದ ಊಹಿಸುವುದು, ಸಂದರ್ಭದಿಂದ ಪದದ ಅರ್ಥ ಹಿಡಿಯುವುದು, ಸಂಗತಿ ಯಾವುದು ಅಭಿಪ್ರಾಯ ಯಾವುದು ಎಂದು ಗುರುತಿಸುವುದು, ಒಂದೇ ವಿಷಯದ ಎರಡು ಬರಹಗಳನ್ನು ಹೋಲಿಸುವುದು. ಈ ಐದೂ ಜೂನ್‌ನಿಂದ ಮಾರ್ಚ್‌ವರೆಗೆ ಮತ್ತೆ ಮತ್ತೆ ಬರುತ್ತಿರಬೇಕು. ಉಳಿದವು ಬರವಣಿಗೆ, ಮಾತು, ವ್ಯಾಕರಣದ ಜೊತೆ ತಾವಾಗಿಯೇ ಸೇರಿಕೊಳ್ಳುತ್ತವೆ.

ಇನ್ನು ಯೋಜನೆಗೆ ಬೆನ್ನೆಲುಬು ಯಾವುದು? ನನ್ನ ಮಟ್ಟಿಗೆ ಅದು ವಿಷಯ, ಕೌಶಲವಲ್ಲ. ಅಮೆರಿಕದಲ್ಲಿ 1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಇಬ್ಬರು ಪ್ರಕಟಿಸಿದ ಅಧ್ಯಯನವೊಂದಿದೆ. ಏಳು ಮತ್ತು ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಹೆಚ್ಚು ಗ್ರಹಿಸಿದ್ದರು. ಅದು ನಾವು ಕಲಿಸುವ ವಯಸ್ಸಿನ ಮಕ್ಕಳದೇ ಮಾತು. ಬೇಸ್‌ಬಾಲ್ ಬದಲು ಕಬಡ್ಡಿ ಎಂದುಕೊಳ್ಳಿ, ನಿಮ್ಮ ತರಗತಿಯ ಕೊನೆಯ ಬೆಂಚು ಕಣ್ಣಿಗೆ ಬರುತ್ತದೆ. ಈ ವಾರ ಹಬ್ಬ, ಮುಂದಿನ ವಾರ ವಿಜ್ಞಾನಿ, ಅದರಾಚೆ ನೀತಿಕಥೆ ಎಂದು ಹಾರುತ್ತಾ ಹೋದರೆ ಯಾವ ವಿಷಯದಲ್ಲೂ ಮಗುವಿನ ತಿಳಿವಳಿಕೆ ಆಳವಾಗುವುದಿಲ್ಲ. ‘ಮುಖ್ಯ ವಿಚಾರ ಹುಡುಕು’ ಎಂದು ಎಷ್ಟು ಅಭ್ಯಾಸ ಕೊಟ್ಟರೂ ಹುಡುಕಲು ತಲೆಯಲ್ಲಿ ಏನಾದರೂ ಇರಬೇಕಲ್ಲ!

ಹಾಗಾಗಿ ಪಠ್ಯಪುಸ್ತಕದ ಪಾಠಗಳನ್ನು ನಾಲ್ಕೈದು ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದು ವಿಷಯ ಕೊಟ್ಟು, ಹೊರಗಿನ ಓದನ್ನು ಸೇರಿಸುತ್ತೇನೆ. ಕೆರೆಯ ಉದಾಹರಣೆ ಹೇಳುತ್ತೇನೆ. ಏಳನೇ ತರಗತಿಗೆ ಮೊದಲು ಕೊಡುವುದು ನಾನೇ ಬರೆದ ಒಂದು ಪುಟದ ವಿವರಣೆ: ದೊಡ್ಡ ನದಿಯಿಲ್ಲದ ಎತ್ತರದ ಊರಿನಲ್ಲಿ ಕೆರೆಗಳನ್ನು ಸರಣಿಯಾಗಿ ಹೇಗೆ ಕಟ್ಟಿದರು, ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೇಗೆ ಹೋಗುತ್ತಿತ್ತು, ತೂಬಿನ ಕೆಲಸವೇನು. ಅದರ ಬಳಿಕ, ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಇದೆ ಎಂಬ ಸಣ್ಣ ಬರಹ. ಆಮೇಲೆ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ 2017ರ ಪತ್ರಿಕಾ ವರದಿ. ಕೊನೆಗೆ, ಕೆರೆಗೆ ನೀರು ಬರಲೆಂದು ಸೊಸೆಯನ್ನೇ ಬಲಿಕೊಟ್ಟ ನಮ್ಮ ಜನಪದ ಕಥನಗೀತೆ. ಅಷ್ಟು ಹೊತ್ತಿಗೆ ಮಕ್ಕಳಿಗೆ ಕೆರೆ ಎಂದರೆ ಊರಿನ ಜೀವ ಎಂಬುದು ತಿಳಿದಿರುತ್ತದೆ. ಗೀತೆಯಲ್ಲಿ ಮನೆಯವರು ಯಾಕೆ ಬಾಯಿ ಬಿಡುವುದಿಲ್ಲ, ಸೊಸೆ ಯಾಕೆ ಹಾಗೆ ತವರಿಗೆ ಹೋಗಿ ಬರುತ್ತಾಳೆ ಎಂಬ ಚರ್ಚೆಯನ್ನು ಅವರೇ ಎತ್ತುತ್ತಾರೆ.

ಪ್ರಶ್ನೆ ಬರೆಯುವುದಕ್ಕೆ ದಯವಿಟ್ಟು ಸಮಯ ಕೊಡಿ. ಯೋಜನೆಯ ಬೇರೆ ಯಾವ ಭಾಗಕ್ಕಿಂತಲೂ ಇದಕ್ಕೇ ಹೆಚ್ಚು. ನಾನು ಹಾಕಿಕೊಂಡಿರುವ ಒಂದೇ ಪರೀಕ್ಷೆ: ಬರಹವನ್ನು ಓದದೆಯೇ ಉತ್ತರಿಸಬಹುದೇ? ‘ಕೆರೆಗಳನ್ನು ಏಕೆ ಉಳಿಸಬೇಕು?’ ಎಂದರೆ ಯಾವ ಮಗುವಾದರೂ ಐದು ವಾಕ್ಯ ಬರೆದುಬಿಡುತ್ತದೆ. ಅದು ಪ್ರಬಂಧದ ಪ್ರಶ್ನೆ, ಓದಿನದಲ್ಲ. ವರದಿಯನ್ನು ಕೊಟ್ಟು ‘ವರದಿಗಾರರು ತಾವೇ ಕಂಡದ್ದು ಯಾವ ವಾಕ್ಯಗಳಲ್ಲಿದೆ, ಬೇರೆಯವರು ಹೇಳಿದ್ದು ಯಾವುದರಲ್ಲಿದೆ? ಎರಡಕ್ಕೂ ಬೇರೆ ಬೇರೆ ಬಣ್ಣದ ಗೆರೆ ಎಳೆಯಿರಿ’ ಎನ್ನಿ. ಮಕ್ಕಳು ಕಾಗದದ ಮೇಲೆ ಬಾಗುತ್ತಾರೆ. ‘ಎಂದು ಅಧಿಕಾರಿಗಳು ತಿಳಿಸಿದ್ದಾರೆ’ ಎಂಬುದು ವಾಕ್ಯದ ಕೊನೆಯಲ್ಲಿ ಅಡಗಿ ಕುಳಿತಿರುವುದನ್ನು ಹಿಡಿದ ಮಗು ಬಣ್ಣ ಬದಲಿಸುತ್ತದಲ್ಲ, ಸಂಗತಿ–ಅಭಿಪ್ರಾಯದ ಕಲಿಕಾ ಫಲ ನಮ್ಮ ಕಣ್ಣಿಗೆ ಕಾಣುವುದು ಆಗ.

ಮೂರು ತರಗತಿಗೂ ಇದೇ ಐದು ಫಲಗಳೇ ಎಂದು ಕೇಳಬಹುದು. ಹೌದು, ಮೆಟ್ಟಿಲು ಮಾತ್ರ ಬೇರೆ. ಊಹಿಸುವುದನ್ನೇ ತೆಗೆದುಕೊಳ್ಳಿ. ಆರರಲ್ಲಿ ಊಹೆಗೆ ಆಧಾರವಾದ ಒಂದು ಸಾಲನ್ನು ತೋರಿಸಿದರೆ ಸಾಕು. ಏಳರಲ್ಲಿ ಬರಹದ ಎರಡು ಕಡೆಯ ಸಾಲುಗಳನ್ನು ಜೋಡಿಸಿ ಹೇಳಬೇಕು. ಎಂಟರಲ್ಲಿ ಒಂದಕ್ಕೊಂದು ಒಪ್ಪದ ಎರಡು ಬರಹಗಳನ್ನು ಓದಿ, ಯಾವುದಕ್ಕೆ ಆಧಾರ ಹೆಚ್ಚು ಎಂದು ತೂಗಬೇಕು.

ಒತ್ತಕ್ಷರಕ್ಕೆ ತಡವರಿಸುವ ಮಕ್ಕಳ ವಿಚಾರ ಬೇರೆಯೇ. ಅವರಿಗೆ ಗ್ರಹಿಕೆಯ ಅಭ್ಯಾಸ ಕೊಟ್ಟರೆ ಪ್ರಯೋಜನವಿಲ್ಲ, ತಡೆ ಇರುವುದು ಅಕ್ಷರದಲ್ಲಿ. ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಸೇತುಬಂಧದ ದಿನಗಳಲ್ಲಿ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ನಿಮಿಷ ಗಟ್ಟಿಯಾಗಿ ಓದಿಸಿ, ಎಲ್ಲಿ ನಿಲ್ಲುತ್ತಾರೆಂದು ಬರೆದುಕೊಳ್ಳಿ. ‘ವರ್ಷ’ವನ್ನು ‘ವಷರ’ ಎಂದು, ‘ಸೂರ್ಯ’ವನ್ನು ‘ಸೂಯರ’ ಎಂದು ಓದುವ ಮಗುವಿಗೆ ಅರ್ಕಾವತ್ತು ಗೊಂದಲ ಮಾಡುತ್ತಿದೆ. ಬರೆಯುವಾಗ ಅಕ್ಷರದ ನಂತರ ಬರುವ ಗುರುತನ್ನು ಉಚ್ಚರಿಸುವಾಗ ಅಕ್ಷರಕ್ಕಿಂತ ಮೊದಲು ತರಬೇಕೆಂದು ಯಾರೂ ಬಿಡಿಸಿ ಹೇಳಿಲ್ಲ. ಕನ್ನಡದ ಅಕ್ಷರ ಕಲಿಕೆ ನಾಲ್ಕನೇ ತರಗತಿ ದಾಟಿಯೂ ಮುಂದುವರಿಯುತ್ತದೆ ಎಂಬುದನ್ನು ಮಕ್ಕಳ ಓದಿನ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಆದ್ದರಿಂದ ಆರನೇ ತರಗತಿಯಲ್ಲಿ ಇದನ್ನು ಕಂಡು ಗಾಬರಿಯಾಗುವುದು ಬೇಡ, ಮಗುವನ್ನು ‘ದಡ್ಡ’ ಎನ್ನುವುದಂತೂ ಬೇಡವೇ ಬೇಡ. ದಿನಕ್ಕೆ ಹತ್ತು ನಿಮಿಷ, ಒಂದು ವಾರ ಒಂದೇ ಬಗೆಯ ಒತ್ತಕ್ಷರ. ಆದರೆ ಕೆರೆಯ ಚರ್ಚೆಯಿಂದ ಆ ಮಕ್ಕಳನ್ನು ಹೊರಗಿಡಬಾರದು. ಬರಹವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ, ಪ್ರಶ್ನೆ ಎಲ್ಲರಿಗೂ ಅದೇ ಇರಲಿ.

ಖಾಸಗಿ ಶಾಲೆಯ ದ್ವಿತೀಯ ಭಾಷಾ ಶಿಕ್ಷಕ, ವೈಟ್‌ಫೀಲ್ಡ್

ರಾಜಾಜಿನಗರದ ಮೇಡಂ ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಕೊನೆಯ ಮಾತನ್ನು ಮಾತ್ರ ಪೂರ್ತಿ ಒಪ್ಪಲಾರೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ನಂತರ ಕೇಂದ್ರೀಯ ಪಠ್ಯಕ್ರಮದ ಶಾಲೆಗಳ ಮಕ್ಕಳೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಯಬೇಕಾಗಿದೆ. ನನ್ನ ಆರನೇ ತರಗತಿಯಲ್ಲಿ ಮನೆಯಲ್ಲಿ ತೆಲುಗು, ತಮಿಳು, ಹಿಂದಿ, ಮಲಯಾಳಂ ಮಾತನಾಡುವ ಮಕ್ಕಳೇ ಹೆಚ್ಚು. ಅವರಿಗೆ ತರಗತಿ ಮಟ್ಟದ ಬರಹವನ್ನು ನಾನು ಗಟ್ಟಿಯಾಗಿ ಓದಿ ಹೇಳಿದರೂ ಅದು ತಲುಪುವುದಿಲ್ಲ. ಅಕ್ಷರ ಬಂದರೂ ಭಾಷೆ ಬಂದಿರುವುದಿಲ್ಲ. ಗಾಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಓದಿನ ಗ್ರಹಿಕೆಯನ್ನು ಅಕ್ಷರ ಬಿಡಿಸುವ ಶಕ್ತಿ ಮತ್ತು ಭಾಷೆಯ ತಿಳಿವಳಿಕೆಗಳ ಗುಣಲಬ್ಧ ಎಂದರು. ಗುಣಾಕಾರದಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ನಿಮ್ಮ ಶಾಲೆ ಪ್ರಥಮ ಭಾಷೆಯದಾದರೂ ಬೆಂಗಳೂರಿನಲ್ಲಿ ಅಂಥ ಒಂದಿಬ್ಬರು ಖಂಡಿತ ಇರುತ್ತಾರೆ.

ನನಗೆ ಕೈಹಿಡಿದದ್ದು ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣ. 2015ರಲ್ಲಿ ಬೆಂಗಳೂರಿನಿಂದಲೇ ಶುರುವಾದದ್ದು. ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಣೆಯಾಗಿವೆ, ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿ ಹಂಚಬಹುದು. ಒಂದೇ ಕಥೆ ಹಲವು ಭಾಷೆಗಳಲ್ಲಿ ಸಿಗುತ್ತದೆ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಅನುಕೂಲ. ತೆಲುಗು ಮನೆಮಾತಿನ ಹುಡುಗಿಗೆ ಮೊದಲು ತೆಲುಗಿನಲ್ಲೇ ಕಥೆ ಕೊಡುತ್ತೇನೆ, ಮರುದಿನ ಅದೇ ಕಥೆ ಕನ್ನಡದಲ್ಲಿ. ಎರಡೂ ಲಿಪಿ ಹತ್ತಿರದವು, ಕಥೆ ಆಗಲೇ ಗೊತ್ತು, ಹಾಗಾಗಿ ಅವಳ ಗಮನವೆಲ್ಲ ಕನ್ನಡದ ಪದಗಳ ಮೇಲೆ ಇರುತ್ತದೆ. ‘ಈ ಪದ ನಮ್ಮಲ್ಲೂ ಇದೆ ಸರ್’ ಎಂದು ಅವಳು ಎದ್ದು ನಿಲ್ಲುವುದನ್ನು ನೋಡಬೇಕು. ಒಂದು ಎಚ್ಚರಿಕೆ: ಸುಲಭ ಓದು ಎಂದು ಹನ್ನೆರಡು ವರ್ಷದವರಿಗೆ ಶಿಶುಗೀತೆಯಂಥ ಪುಸ್ತಕ ಕೊಡಬೇಡಿ. ಅವರಿಗೆ ಅವಮಾನವಾಗುತ್ತದೆ. ವಾಕ್ಯ ಸರಳವಿರಲಿ, ವಿಷಯ ಅವರ ವಯಸ್ಸಿನದಿರಲಿ. ಪ್ರಾಣಿ, ಯಂತ್ರ, ಆಟ, ಬಾಹ್ಯಾಕಾಶ ಸಾಮಾನ್ಯವಾಗಿ ಸೋಲುವುದಿಲ್ಲ.

ಕೇಳಿದವರು

ಇಬ್ಬರಿಗೂ ಧನ್ಯವಾದ. ಆರಂಭದಲ್ಲಿ ಗಟ್ಟಿಯಾಗಿ ಓದಿಸಿ ನೋಡುವುದು, ಆಮೇಲೆ ವಿಷಯದ ಗುಂಪು. ಇದು ಸ್ಪಷ್ಟವಾಯಿತು. ಆದರೆ ಮುಖ್ಯ ಶಿಕ್ಷಕರಿಗೆ ಪಾಠದ ಎದುರು ಫಲ ಬರೆದ ಆ ಕೋಷ್ಟಕ ಕೊಡಲೇಬೇಕು. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಅದನ್ನೇ ಕೇಳುತ್ತಾರಂತೆ. ಏನು ತುಂಬಲಿ?

ನಿವೃತ್ತ ಮುಖ್ಯ ಶಿಕ್ಷಕರು, ಬಸವನಗುಡಿ

ಆ ಕೋಷ್ಟಕಕ್ಕೆ ಹೆದರಬೇಡಮ್ಮ. ಅಡ್ಡಸಾಲಿನಲ್ಲಿ ಐದು ಫಲ, ಕಂಬಸಾಲಿನಲ್ಲಿ ಪಾಠಗಳು. ಪ್ರತಿ ಫಲವೂ ವರ್ಷದಲ್ಲಿ ಕನಿಷ್ಠ ನಾಲ್ಕು ಪಾಠಗಳ ಎದುರು ಬರುವಂತೆ ಗುರುತು ಹಾಕಿ. ಮೊದಲ ಸಲ ಬಂದಾಗ ‘ಪರಿಚಯ’, ನಡುವೆ ‘ಅಭ್ಯಾಸ’, ಕೊನೆಗೆ ‘ಮೌಲ್ಯಮಾಪನ’ ಎಂದು ಒಂದೊಂದು ಪದ ಸೇರಿಸಿ. ನೋಡಲು ಬಂದವರಿಗೆ ಪಾಠದ ಎದುರು ಫಲ ಕಾಣುತ್ತದೆ, ನಿಮಗೆ ವರ್ಷದ ದಾರಿ ಕಾಣುತ್ತದೆ. ಫಲದ ಸಂಖ್ಯೆಯನ್ನು ಮೂಲ ಪಟ್ಟಿಯಲ್ಲಿರುವಂತೆಯೇ ಬರೆಯಿರಿ, ಪ್ರಶ್ನೆ ಬರುವುದಿಲ್ಲ.

ಪರೀಕ್ಷೆಯ ಬಗ್ಗೆ ಯಾರೂ ಹೇಳಲಿಲ್ಲ. ಕಲಿಕೆಯ ನಡುವೆ ನಡೆಯುವ ನಾಲ್ಕು ರೂಪಣಾತ್ಮಕ, ಅವಧಿಯ ಕೊನೆಗೆ ನಡೆಯುವ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಹೇಗೂ ಬರುತ್ತವೆ. ಬೋಧಿಸಿದ ಪಾಠದಿಂದಲೇ ಪ್ರಶ್ನೆ ಕೇಳಿದರೆ ನಾವು ಅಳೆಯುವುದು ನೆನಪನ್ನು. ಹೊಸ ಪುಟವನ್ನು ಮಗು ತಾನೇ ಓದಿ ಅರ್ಥ ಮಾಡಿಕೊಳ್ಳುತ್ತದೆಯೇ ಎಂಬುದು ತಿಳಿಯುವುದೇ ಇಲ್ಲ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳನ್ನು ಶಾಲೆಯಲ್ಲೇ ರೂಪಿಸಿಕೊಳ್ಳಬಹುದು. ಪ್ರತಿ ಸಲವೂ ಮಕ್ಕಳು ಕಾಣದ, ಆದರೆ ಆಗಷ್ಟೇ ಮುಗಿಸಿದ ವಿಷಯದ್ದೇ ಒಂದು ಗದ್ಯಭಾಗ ಕೊಡಿ. ಕೆರೆಯ ಗುಂಪು ಮುಗಿದಿದ್ದರೆ ಬೇರೆ ಊರಿನ ಕೆರೆಯದು. ಉತ್ತರ ಪತ್ರಿಕೆಯನ್ನು ಆ ಮಗುವಿನ ಕೃತಿಸಂಪುಟದಲ್ಲಿ, ಅಂದರೆ ಅದರ ಕೆಲಸಗಳನ್ನು ಕೂಡಿಡುವ ಕಡತದಲ್ಲಿ, ಇಡಿ. ಜುಲೈನ ಹಾಳೆಯನ್ನೂ ಫೆಬ್ರವರಿಯ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಪೋಷಕರಿಗೆ ಅಂಕಪಟ್ಟಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಸಮಾಜ ವಿಜ್ಞಾನದ ಶಿಕ್ಷಕರನ್ನು ಜೂನ್ ಮೊದಲ ವಾರವೇ ಮಾತನಾಡಿಸಿ. ಅವರು ಜಲಸಂಪನ್ಮೂಲ ಬೋಧಿಸುವ ತಿಂಗಳೂ ನಿಮ್ಮ ಕೆರೆಯ ತಿಂಗಳೂ ಒಂದೇ ಆದರೆ ಅರ್ಧ ಕೆಲಸ ಅವರೇ ಮಾಡಿಕೊಡುತ್ತಾರೆ. ಪುಸ್ತಕ ಕಡಿಮೆ ಬಿದ್ದರೆ ಕಬ್ಬನ್ ಉದ್ಯಾನದ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯಕ್ಕೆ ಒಂದು ಶನಿವಾರ ಕರೆದುಕೊಂಡು ಹೋಗಿ. ಹೋಗುವ ಮೊದಲು ಶಾಲೆಯ ಪತ್ರದೊಂದಿಗೆ ಮಾತನಾಡಿ ಬನ್ನಿ, ಒಮ್ಮೆಗೆ ಎಷ್ಟು ಮಕ್ಕಳನ್ನು ಕರೆತರಬಹುದೆಂದು ಕೇಳಿಕೊಳ್ಳಿ.

ದಸರಾ ರಜೆಯೊಳಗೆ ಎರಡು ಗುಂಪು ಮುಗಿದರೆ ಸಾಕು. ಮೂರನೆಯದಕ್ಕೆ ಅವಸರಪಡಬೇಡಿ. ನವೆಂಬರ್‌ನಲ್ಲಿ ರಾಜ್ಯೋತ್ಸವ, ಪ್ರತಿಭಾ ಕಾರಂಜಿ, ಕ್ರೀಡಾಕೂಟ ಎಂದು ಅವಧಿಗಳು ಕೈತಪ್ಪುತ್ತವೆ, ಅದಕ್ಕೆ ಆ ತಿಂಗಳಿಗೆ ಚಿಕ್ಕ ಗುಂಪನ್ನೇ ಇಟ್ಟುಕೊಳ್ಳಿ.