ಪದ ಬೇಕು: ‘ಹಾಫ್ ಹಾಲ್ಟ್’ (ಭಾನುವಾರದೊಳಗೆ)

ಹೊಸೂರಿನಿಂದ:

ಬಳಗದವರಿಗೆ ನಮಸ್ಕಾರ. ಇಲ್ಲಿನ ಒಂದು ಕುದುರೆ ಲಾಯಕ್ಕೆ ತಳಿ, ಡೆಂಕಣಿಕೋಟೆ ಕಡೆಯ ಮಕ್ಕಳು ಕೆಲಸಕ್ಕೆ ಸೇರಿದ್ದಾರೆ. ಲದ್ದಿ ಎತ್ತಿ, ಮೈ ಉಜ್ಜಿ, ಗೊರಸು ಕೆರೆದು, ಜೀನು ಕಟ್ಟಿಕೊಡುತ್ತಾರೆ. ಅದಕ್ಕೆ ಬದಲಾಗಿ ಡ್ರೆಸಾಜ್ ಸವಾರಿಯ (ಕುದುರೆಯನ್ನು ಪಳಗಿಸಿ ಅಳತೆಯ ನಡೆಗಳಲ್ಲಿ ನಡೆಸುವ ಕಲೆ) ಪಾಠ. ಮನೆಮಾತು ಕನ್ನಡ, ಶಾಲೆ ತಮಿಳು, ಪಾಠ ಇಂಗ್ಲಿಷು. ಗೋಡೆಗೆ ಕನ್ನಡದಲ್ಲಿ ಬೋರ್ಡು ಬರೆಸಬೇಕು, ಪೇಂಟರ್ ಭಾನುವಾರ ಬರುತ್ತಾರೆ.

ತುರ್ತಾಗಿ ಬೇಕಾದದ್ದು ‘ಹಾಫ್ ಹಾಲ್ಟ್’. ಸವಾರ ನೆಟ್ಟಗೆ ಕೂತು ಭಾರವನ್ನು ಜೀನಿಗಿಳಿಸುತ್ತಾನೆ. ಮೀನಖಂಡ ಒತ್ತಿ ಹಿಂಗಾಲನ್ನು ಹೊಟ್ಟೆಯಡಿಗೆ ಕರೆಯುತ್ತಾನೆ. ತಿರುವಿನ ಹೊರಬದಿಯ ಲಗಾಮು ಹಿಡಿದ ಮುಷ್ಟಿ ಬಿಗಿಯುತ್ತಾನೆ, ಒಡನೆ ಸಡಿಲಿಸುತ್ತಾನೆ. ಎಲ್ಲ ಸೇರಿ ಒಂದೆರಡು ಹೆಜ್ಜೆಯ ಹೊತ್ತು. ಕುದುರೆ ನಿಲ್ಲುವುದಿಲ್ಲ, ನಡೆಯ ಲಯ ಕೆಡುವುದಿಲ್ಲ, ಮುಂಗಾಲಿನ ಭಾರ ಮಾತ್ರ ಹಿಂದಕ್ಕೆ ಸರಿಯುತ್ತದೆ. ಪ್ರತಿ ತಿರುವಿಗೆ ಮುಂಚೆ, ನಡೆ ಬದಲಿಸುವ ಮುಂಚೆ ಇದು ಬೇಕು. ಬೋರ್ಡಿಗೂ ಆಗಬೇಕು, ಅಂಗಳದ ನಡುವಿನಿಂದ ಕೂಗುವುದಕ್ಕೂ ಆಗಬೇಕು. ಜೊತೆಗೆ ಓರೆಯಾಗಿ ನಡೆಸುವ ‘ಲೆಗ್ ಯೀಲ್ಡ್’, ‘ಶೋಲ್ಡರ್ ಇನ್’ ಮತ್ತು ಗ್ಯಾಲಪ್‌ಗಿಂತ ನಿಧಾನದ ಓಟವಾದ ‘ಕ್ಯಾಂಟರ್’, ಇವಕ್ಕೂ ಪದ ಬೇಕು.

ಕಾಸರಗೋಡಿನಿಂದ:

ಅರೆನಿಲುವು. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಫ್ರೆಂಚರೂ ಇದನ್ನು ‘ಅರ್ಧ ನಿಲುಗಡೆ’ ಎಂದೇ ಕರೆಯುತ್ತಾರೆ.

ನನ್ನ ತಕರಾರು ಬೇರೆ. ನಿಮ್ಮ ಪತ್ರದ ತುಂಬ ಜೀನು, ಲಗಾಮು. ಎರಡೂ ಪಾರಸಿ. ಜೀನಿಗೆ ಪಲ್ಲಣ ಇದೆ, ಲಗಾಮಿಗೆ ವಾಘೆ ಇದೆ, ಸವಾರ ಕಾಲಿಡುವ ರಿಕಾಪಿಗೆ ಅಂಕವಣೆ ಇದೆ. ಸವಾರಿ ಅಂಗಳಕ್ಕೆ ವಾಹ್ಯಾಳಿ ಇದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ದೊಳಗೆ ಕುದುರೆಯ ವಾಹ್ಯಾಳಿಗೆಂದೇ ಒಂದು ಭಾಗ ಇಟ್ಟಿದ್ದಾನೆ. ಗಡಿಯಲ್ಲಿ ಕೂತು ಕನ್ನಡದ ಬೋರ್ಡು ಬರೆಸುವವರು ಕನ್ನಡದಲ್ಲಿ ಇದ್ದದ್ದನ್ನು ಮೊದಲು ಹುಡುಕಬೇಕು.

ಸೊಲ್ಲಾಪುರದಿಂದ:

‘ಅರೆನಿಲುವು’ ಬೇಡ. ‘ನಿಲ್’ ಕಿವಿಗೆ ಬಿದ್ದೊಡನೆ ಹೊಸ ಸವಾರ ಎರಡೂ ಲಗಾಮು ಹಿಂದಕ್ಕೆ ಎಳೆಯುತ್ತಾನೆ, ಕಾಲು ಒತ್ತುವುದನ್ನು ಮರೆಯುತ್ತಾನೆ. ಕುದುರೆ ಕತ್ತು ಮೊಟಕು ಮಾಡಿ ಕಡಿವಾಣದ ಮೇಲೆ ಜೋತುಬೀಳುತ್ತದೆ, ಬೆನ್ನು ಕೆಳಗಿಳಿಯುತ್ತದೆ, ಹಿಂಗಾಲು ಹಿಂದೆಯೇ ಉಳಿಯುತ್ತದೆ. ಬೇಕಾದದ್ದಕ್ಕೆ ಪೂರಾ ಉಲ್ಟಾ. ಇಂಗ್ಲಿಷು, ಫ್ರೆಂಚಿನ ಹೆಸರಿನಲ್ಲೂ ಇದೇ ತೊಡಕಿದೆ. ಅಲ್ಲಿಯ ಶಿಕ್ಷಕರೂ ಎಳೀಬೇಡಿ ಅಂತ ದಿನಾ ಕೂಗಬೇಕಾಗುತ್ತದೆ. ಅವರ ತೊಡಕನ್ನು ನಾವು ಅನುವಾದ ಮಾಡಿಕೊಳ್ಳುವುದು ಏಕೆ?

ಗುರುಗಳೇ, ಪಲ್ಲಣ ಸಂಸ್ಕೃತದ ‘ಪರ್ಯಾಣ’, ಪ್ರಾಕೃತದ ಮೂಲಕ ಬಂದದ್ದು. ವಾಘೆ ‘ವಲ್ಗಾ’. ಅವೂ ಎರವಲೇ. ಕುದುರೆಯ ಕಾಲಿಗೆ ಹೊಡೆಯುವ ಲಾಳ ಅರಬ್ಬಿಯ ‘ನಾಲ್’. ಅದನ್ನು ಕಿತ್ತುಹಾಕಲು ಯಾರೂ ಹೇಳಿಲ್ಲ. ಲಗಾಮು ಅಂದರೆ ಲಾಯದಲ್ಲಿ ಎಲ್ಲರಿಗೂ ತಿಳಿಯುತ್ತದೆ, ಕೈಯಲ್ಲಿ ಹಿಡಿಯುವ ಪಟ್ಟಿ. ಕಡಿವಾಣವನ್ನು ಬಾಯಿಯೊಳಗಿನ ಕಬ್ಬಿಣಕ್ಕೆ ಮಾತ್ರ ಇಟ್ಟುಕೊಳ್ಳಿ. ಇವೆರಡನ್ನು ಬೆರೆಸಿದರೆ ‘ಕಡಿವಾಣ ಸಡಿಲಿಸು’ ಎಂದಾಗ ಮಕ್ಕಳು ಬಾಯಿಪಟ್ಟಿಯ ಬಕಲಿಗೆ ಕೈ ಹಾಕುತ್ತಾರೆ.

ನನ್ನ ಸಲಹೆ: ಅದುಮಿಬಿಡು. ಕೂರುವ ಭಾರ, ಮೀನಖಂಡ, ಮುಷ್ಟಿ, ಮೂರಕ್ಕೂ ಅದುಮುವುದು ಒಪ್ಪುತ್ತದೆ, ಎಳೆಯುವುದು ಅದರಲ್ಲಿ ಇಲ್ಲ. ಸಡಿಲಿಸುವುದೂ ಪದದಲ್ಲೇ ಇದೆ. ಹಾಫ್ ಹಾಲ್ಟ್ ಕೆಡುವುದು ಹೆಚ್ಚಾಗಿ ಅಲ್ಲೇ: ಹಿಡಿಯುತ್ತಾರೆ, ಬಿಡುವುದಿಲ್ಲ.

ಬೇರಿಕೆಯಿಂದ:

ಅದುಮು ಸರಿ. ಆದರೆ ಸೇರಿಸಿ ಬರೆದರೆ ಅರ್ಥ ಕೆಡುತ್ತದೆ. ‘ತಿಂದುಬಿಡು’, ‘ಮುಗಿಸಿಬಿಡು’ ಇದ್ದ ಹಾಗೆ ‘ಅದುಮಿಬಿಡು’ ಎಂದರೆ ಪೂರ್ತಿ ಅದುಮು ಎಂದೇ ಮಗು ಕೇಳಿಸಿಕೊಳ್ಳುತ್ತದೆ. ಸಡಿಲಿಸುವ ‘ಬಿಡು’ ಅಲ್ಲಿ ಸತ್ತುಹೋಯಿತು. ಬೋರ್ಡಿನಲ್ಲಿ ಎರಡು ಪದ, ನಡುವೆ ಗೀಟು: ‘ಅದುಮು – ಬಿಡು’. ಕೂಗುವಾಗಲೂ ನಡುವೆ ಉಸಿರು ನಿಲ್ಲಿಸಿ ಕೂಗಬೇಕು. ಹೆಸರಾಗಿ ಬೇಕಾದರೆ ‘ಅದುಮು-ಬಿಡುವು’ ಅನ್ನಿ.

ಉಳಿದವು. ಲೆಗ್ ಯೀಲ್ಡ್‌ಗೆ ‘ಕಾಲಿಗೆ ಸರಿಯುವುದು’, ಕೂಗಲು ‘ಸರಿಸು’. ಮೈ ನೇರವೇ ಇರುತ್ತದೆ, ಸರಿಯುವ ದಿಕ್ಕಿಗೆ ವಿರುದ್ಧವಾಗಿ ತಲೆ ಮಾತ್ರ ಚೂರು ತಿರುಗಿರುತ್ತದೆ, ಒಳಗಾಲು ಹೊರಗಾಲನ್ನು ದಾಟಿ ಬೀಳುತ್ತದೆ. ಶೋಲ್ಡರ್ ಇನ್‌ಗೆ ‘ಹೆಗಲೊಳಗೆ’. ಅಲ್ಲಿ ಮೈ ಸವಾರನ ಒಳಗಾಲಿನ ಸುತ್ತ ಬಾಗಬೇಕು. ಮುಂಗಾಲು ಗೋಡೆಯಿಂದ ಒಳಕ್ಕೆ ಬಂದು ಸುಮಾರು 30 ಡಿಗ್ರಿ ಕೋನ, ಎದುರಿಗೆ ನಿಂತು ನೋಡಿದರೆ ಕಾಲುಗಳು ಮೂರು ಸಾಲಾಗಿ ಕಾಣುತ್ತವೆ. ಒಳಲಗಾಮು ಎಳೆದು ಕತ್ತು ಮಾತ್ರ ಬಗ್ಗಿಸಿದರೆ ಹೊರಹೆಗಲು ಗೋಡೆಯ ಕಡೆಗೆ ಜಾರುತ್ತದೆ, ಸಾಲು ಎರಡೇ ಉಳಿಯುತ್ತವೆ. ಎರಡಕ್ಕೂ ‘ಓರೆನಡೆ’ ಎಂದು ಒಂದೇ ಪದ ಹಾಕಬೇಡಿ, ಮಕ್ಕಳು ಈಗಲೇ ಬೆರೆಸುತ್ತಾರೆ.

ಕಾಸರಗೋಡಿನಿಂದ:

‘ಅದುಮು – ಬಿಡು’ ಪದವಲ್ಲ, ಕೂಗು. ನಾಳೆ ಪಠ್ಯ ಬರೆಯುವಾಗ ‘ಅದುಮು-ಬಿಡುವಿನ ಪರಿಣಾಮ’ ಎಂದು ಬರೆಯುತ್ತೀರಾ? ಕ್ಯಾಂಟರ್‌ಗೂ ಹೀಗೇ ಏನಾದರೂ ಕೂಗಿಬಿಡಿ. ಅಮರಕೋಶದಲ್ಲಿ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಐದು ಧಾರೆ, ಅಂದರೆ ಕುದುರೆಯ ನಡೆ, ಹೇಳಿದೆ, ನೋಡುವವರಿಲ್ಲ. ಅಂಗಳದ ಅಂಚಿನಲ್ಲಿ ಗುರುತಿಗೆ ಇಡುವ ಎ, ಕೆ, ಇ, ಎಚ್ ಅಕ್ಷರಗಳನ್ನಾದರೂ ಕನ್ನಡದಲ್ಲಿ ಬರೆಸುತ್ತೀರಾ, ಅದೂ ಇಲ್ಲವಾ?

ಸೊಲ್ಲಾಪುರದಿಂದ:

ಪಠ್ಯ ಬರೆಯುವವರು ಬರೆದುಕೊಳ್ಳಲಿ. ಇಲ್ಲಿ ಬೋರ್ಡು ಬೇಕು.

ಅಮರದ ಪಟ್ಟಿಯಲ್ಲಿ ಹೆಸರುಗಳಿವೆ, ಯಾವ ನಡೆಗೆ ಗೊರಸಿನ ಎಷ್ಟು ಬಡಿತ ಎಂಬುದಿಲ್ಲ. ಡ್ರೆಸಾಜ್‌ನಲ್ಲಿ ಎಲ್ಲವೂ ಬಡಿತದ ಮೇಲೆ ನಿಂತಿದೆ: ನಡಿಗೆಗೆ ನಾಲ್ಕು, ಕುಕ್ಕುಲೋಟಕ್ಕೆ ಎರಡು, ಕ್ಯಾಂಟರ್‌ಗೆ ಮೂರು ಬಡಿತ ಮತ್ತು ನಾಲ್ಕೂ ಕಾಲು ನೆಲ ಬಿಟ್ಟ ಒಂದು ಕ್ಷಣ. ಕುಕ್ಕುಲೋಟ, ನಾಗಾಲೋಟ ನಮ್ಮಲ್ಲೇ ಇವೆ, ಇಟ್ಟುಕೊಳ್ಳಿ. ಆದರೆ ನಾಗಾಲೋಟ ಎಂದರೆ ಗ್ಯಾಲಪ್, ಅದಕ್ಕೆ ನಾಲ್ಕು ಬಡಿತ. ಕ್ಯಾಂಟರ್‌ಗೆ ಅದೇ ಪದ ಕೊಟ್ಟರೆ 20 ಮೀಟರ್ ಅಗಲದ ಅಂಗಳದಲ್ಲಿ ಮಕ್ಕಳು ಕುದುರೆ ಓಡಿಸಿಬಿಡುತ್ತಾರೆ.

ಅಂಗಳದ ಅಕ್ಷರಗಳನ್ನು ಮುಟ್ಟಬೇಡಿ. ಸ್ಪರ್ಧೆಗೆ ಹೋದರೆ ಅಲ್ಲಿ ಕಾಣುವುದು ಅವೇ. ಸಂಸ್ಕೃತದ ಎರವಲು ಮನೆಯವರು, ಪಾರಸಿಯದು ಪರದೇಶಿ ಎಂಬ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಕುದುರೆಯ ಜೊತೆ ಬಂದ ಮಾತು ಕುದುರೆಯ ಜೊತೆಗೇ ಇರಲಿ.

ಹೊಸೂರಿನಿಂದ:

‘ಅದುಮು – ಬಿಡು’, ‘ಸರಿಸು’, ‘ಹೆಗಲೊಳಗೆ’ ಮೂರನ್ನೂ ಪೇಂಟರ್‌ಗೆ ಕಳಿಸಿದ್ದೇನೆ. ಕಾಸರಗೋಡಿನ ಮಾಷ್ಟ್ರ ‘ವಾಹ್ಯಾಳಿ’ ಅಂಗಳದ ಬಾಗಿಲ ಮೇಲೆ ಬರುತ್ತದೆ, ಅದು ನನಗೂ ಬೇಕಾದ ಪದ. ಜೀನು, ಲಗಾಮು ಹಾಗೇ ಇರುತ್ತವೆ. ಕ್ಯಾಂಟರ್ ಈಗ ಕ್ಯಾಂಟರೇ. ಮೂರು ಬಡಿತ ಕೇಳಿಸುವ ಪದ ಯಾರಿಗಾದರೂ ಹೊಳೆದರೆ ಶನಿವಾರ ರಾತ್ರಿಯೊಳಗೆ ಬರೆಯಿರಿ.

ಜೀನುಕೋಣೆಯ ಬೋರ್ಡಿಗೆ ಹೀಗೆ ಬರೆದಿದ್ದೇನೆ, ತಿದ್ದಿ: ‘ಹೊಟ್ಟೆಪಟ್ಟಿ ಒಂದೇ ಸಲ ಬಿಗಿಯಬೇಡಿ. ಎರಡೂ ಬದಿ ಒಂದೊಂದೇ ತೂತು ಏರಿಸಿ. ಕುದುರೆ ಹೊಟ್ಟೆ ಉಬ್ಬಿಸಿ ನಿಂತಿರುತ್ತದೆ; ನಾಲ್ಕು ಹೆಜ್ಜೆ ನಡೆಸಿ, ಹತ್ತುವ ಮುಂಚೆ ಮತ್ತೆ ಬಿಗಿಯಿರಿ.’ ಇಲ್ಲಿ ‘ತೂತು’ ಇರಲಾ, ‘ಕಂಡಿ’ ಮಾಡಲಾ?