ನಮ್ಮ ತೋಡಿಗೆ ಮತ್ತೆ ಕಟ್ಟ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ಬದಿಯಡ್ಕದವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ ನಮ್ಮ ಮನೆ. ಎರಡೆಕರೆ ಅಡಿಕೆ ತೋಟ, ನಡುವೆ ಬಾಳೆ, ಬದಿಯಲ್ಲಿ ನಾಲ್ಕು ತೆಂಗು. ಅಪ್ಪ ತೀರಿಕೊಂಡು ಆರು ವರ್ಷ ಆಯಿತು. ಅಲ್ಲಿಂದ ತೋಟದ ಜವಾಬ್ದಾರಿ ನನ್ನದೇ.

ತೋಟದ ಕೆಳಗೆ ಒಂದು ತೋಡು, ಅಂದರೆ ಸಣ್ಣ ಹಳ್ಳ, ಇದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಅದರ ಸದ್ದಿಗೆ ರಾತ್ರಿ ಮಾತು ಕೇಳಿಸುವುದಿಲ್ಲ. ಸಂಕ (ಕಾಲುಸೇತುವೆ) ಇಲ್ಲದಿದ್ದರೆ ದಾಟುವ ಮಾತೇ ಇಲ್ಲ. ಅದೇ ತೋಡು ಫೆಬ್ರವರಿ ಹೊತ್ತಿಗೆ ಬರೀ ಕಲ್ಲು, ತರಗೆಲೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಕೇರಳದ 44 ನದಿಗಳಲ್ಲಿ 12 ಇಲ್ಲೇ ಇವೆ. ಅಷ್ಟಿದ್ದೂ ಕಳೆದ ಏಪ್ರಿಲಿನಲ್ಲಿ ನಾನು ಟ್ಯಾಂಕರ್ ನೀರು ತರಿಸಿದೆ. ಟ್ಯಾಂಕರ್ ಅಂಗಳಕ್ಕೆ ಬಂದಾಗ ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರಿಗೆ ಅದನ್ನು ನೋಡಲು ಆಗಲಿಲ್ಲ.

ಅಪ್ಪ ಮೊದಲ ಬೋರು ಹಾಕಿಸಿದ್ದು 1999ರಲ್ಲಿ. 240 ಅಡಿಗೆ ನೀರು ಚಿಮ್ಮಿತು. ಆ ದಿನ ಮನೆಯಲ್ಲಿ ಪಾಯಸ. 12 ವರ್ಷ ಅದು ನಡೆಯಿತು. ಎರಡನೆಯದು 420 ಅಡಿ, ಅದಕ್ಕೆ ಐದೇ ವರ್ಷ ಆಯುಸ್ಸು. ಮೂರನೆಯದನ್ನು ಹಾಕಿಸಿದವಳು ನಾನು. 610 ಅಡಿ ಹೋಯಿತು. ಮೇಲೆ ಬಂದದ್ದು ಕಲ್ಲಿನ ಹುಡಿ ಮಾತ್ರ. ಅಂಗಳದ ದಾಸವಾಳದ ಎಲೆಗಳೆಲ್ಲ ಬೆಳ್ಳಗಾದವು. ಅದರ ಸಾಲ ಇನ್ನೂ ತೀರಿಲ್ಲ.

ಬೋರು ಬರುವ ಮೊದಲು ಅಜ್ಜನ ಕಾಲದಲ್ಲಿ ಈ ತೋಡಿಗೆ ಪ್ರತಿ ವರ್ಷ ಕಟ್ಟ, ಅಂದರೆ ಬೇಸಿಗೆಗೆ ನೀರು ನಿಲ್ಲಿಸಲು ಕಲ್ಲು ಮಣ್ಣಿನ ತಾತ್ಕಾಲಿಕ ಒಡ್ಡು, ಕಟ್ಟುತ್ತಿದ್ದರು. ನಾನು ಎಂಟೊಂಬತ್ತು ವರ್ಷದವಳಿದ್ದಾಗ ನೋಡಿದ್ದು ಚೆನ್ನಾಗಿ ನೆನಪಿದೆ. ಆರು ಮನೆಯವರು ಸೇರುತ್ತಿದ್ದರು. ಗಂಡಸರು ಕಲ್ಲು ಇಡುವುದು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ತರುವುದು. ನಮ್ಮಂಥ ಮಕ್ಕಳನ್ನು ಮಣ್ಣು ತುಳಿಯಲು ಇಳಿಸುತ್ತಿದ್ದರು. ನಡುವೆ ಅವಲಕ್ಕಿ, ಬೆಲ್ಲದ ನೀರು. ಕಟ್ಟ ಮುಗಿದ ರಾತ್ರಿ ತೋಡು ಒಮ್ಮೆಲೇ ಸುಮ್ಮನಾಗುತ್ತಿತ್ತು. ಎರಡು ಮೂರು ದಿನ ಹಾಗೇ. ಆಮೇಲೆ ತುಂಬಿ ಕೋಡಿ ಹರಿಯುವ ಸದ್ದು. ಆ ಸದ್ದಿಗೆ ಅಜ್ಜ ಎದ್ದು ಟಾರ್ಚ್ ಹಿಡಿದು ನೋಡಲು ಹೋಗುತ್ತಿದ್ದರು. ಬೋರಿನ ನೀರು ಬಂದ ಎರಡೇ ವರ್ಷಕ್ಕೆ ಕಟ್ಟ ನಿಂತಿತು.

ಈ ವರ್ಷ ಮತ್ತೆ ಕಟ್ಟಬೇಕೆಂದು ಹೊರಟಿದ್ದೇನೆ. ಆರು ಮನೆಗಳಲ್ಲಿ ನಾಲ್ಕು ಒಪ್ಪಿವೆ. ಒಂದು ಮನೆಯವರು ಬೇಡವೇ ಬೇಡ ಎನ್ನುತ್ತಾರೆ, ಅವರ ಬೋರಿನಲ್ಲಿ ಇನ್ನೂ ನೀರಿದೆ. ಕೆಳಗಿನ ಮನೆಯವರಿಗೆ ಬೇರೆ ಹೆದರಿಕೆ, ನಾವು ತಡೆದರೆ ಅವರಿಗೆ ನೀರು ಬರಲಿಕ್ಕಿಲ್ಲ ಅಂತ. ಕಟ್ಟ ಕಟ್ಟಿ ಅಭ್ಯಾಸ ಇದ್ದ ಹಿರಿಯರು ಯಾರೂ ಉಳಿದಿಲ್ಲ. ಯಾವಾಗ ಕಟ್ಟಬೇಕು, ಎಲ್ಲಿ ಕಟ್ಟಬೇಕು, ಮಣ್ಣೋ ಚೀಲವೋ? ಮಾಡಿ ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ತುಲಾ ಮಳೆ (ಅಕ್ಟೋಬರ್-ನವೆಂಬರಿನ ಹಿಂಗಾರು) ಮುಗಿಯುತ್ತಾ ಬಂತು.

ಕುಂಬ್ಡಾಜೆಯ ಕೃಷಿಕ

ತಂಗೀ, ನಿಮ್ಮ ಬರಹ ಓದಿ ನನಗೆ ಎಷ್ಟು ಸಂತೋಷ ಆಯಿತು ಅಂದರೆ ಕೂಡಲೇ ಬರೆಯಲು ಕೂತಿದ್ದೇನೆ. ನನಗೀಗ 67. ಹುಡುಗನಾಗಿದ್ದಾಗಿನಿಂದ ಕಟ್ಟದ ಕೆಲಸ ಮಾಡಿದವನು. ನಿಮಗೆ ದೂರ ಹೋಗಬೇಕಾದ್ದೇ ಇಲ್ಲ. ಹತ್ತಿರದ ಏತಡ್ಕಕ್ಕೆ ಡಿಸೆಂಬರಿನಲ್ಲಿ ಒಮ್ಮೆ ಹೋಗಿ ಬನ್ನಿ. ಉಳಿದ ಊರುಗಳು ಬೋರಿಗೆ ತಿರುಗಿದಾಗಲೂ ಅಲ್ಲಿಯವರು ಕಟ್ಟ ಬಿಡಲಿಲ್ಲ. ಒಂದರ ಹಿಂದೆ ಒಂದು ಕಟ್ಟ ಇರುವ ತೋಡು ಹೇಗಿರುತ್ತದೆ ಅಂತ ಕಣ್ಣಾರೆ ನೋಡಿದರೆ ನನ್ನ ಈ ಬರವಣಿಗೆಗಿಂತ ಜಾಸ್ತಿ ಅರ್ಥವಾಗುತ್ತದೆ.

ಮೊದಲು ಜಾಗ. ಎರಡೂ ದಡ ಎತ್ತರ ಇರಬೇಕು, ತೋಡು ಸಪುರ (ಕಿರಿದು) ಇರಬೇಕು, ಅಡಿಯಲ್ಲಿ ಪಾದೆಕಲ್ಲು (ಬಂಡೆ) ಸಿಗಬೇಕು. ನಿಮ್ಮ ಅಜ್ಜ ಕಟ್ಟುತ್ತಿದ್ದ ಜಾಗವನ್ನೇ ಹುಡುಕಿ. ಹಿಂದಿನವರು ಸುಮ್ನೆ ಆ ಜಾಗ ಆರಿಸಿರುವುದಿಲ್ಲ. ದಡದಲ್ಲಿ ಹಳೆ ಕಲ್ಲಿನ ಸಾಲು ಖಂಡಿತ ಇರುತ್ತದೆ, ಬಲ್ಲೆ (ಪೊದೆ) ಕಡಿದು ನೋಡಿ.

ಹೊತ್ತು ಬಹಳ ಮುಖ್ಯ. ಬೇಗ ಕಟ್ಟಿದರೆ ಒಂದು ಅಕಾಲ ಮಳೆಗೆ ಹೋಗುತ್ತದೆ. ತಡ ಮಾಡಿದರೆ ತಡೆಯಲು ನೀರೇ ಇರುವುದಿಲ್ಲ. ಫೆಬ್ರವರಿಗೆ ಒಣಗುವ ತೋಡು ಅಂತೀರಲ್ಲ, ಹಾಗಾದರೆ ಡಿಸೆಂಬರಿನ ಮೊದಲ ವಾರ ದಾಟಿಸಬೇಡಿ.

ಕಟ್ಟುವುದು ಹೀಗೆ. ಅಡಿಯ ಮರಳು, ಕೊಳೆತ ಎಲೆ ಎಲ್ಲ ಎಳೆದು ಪಾದೆ ಕಾಣುವವರೆಗೆ ತೆಗೆಯಿರಿ. ಇದರಲ್ಲಿ ಉದಾಸೀನ ಮಾಡಿದರೆ ನೀರು ಅಡಿಯಿಂದಲೇ ಹೋಗುತ್ತದೆ, ಮೇಲೆ ಎಷ್ಟು ಚಂದ ಕಟ್ಟಿದರೂ ಪ್ರಯೋಜನ ಇಲ್ಲ. ಕೆಲಸ ಮುಗಿಯುವವರೆಗೆ ನೀರು ಹೋಗಲು ಒಂದು ದೊಡ್ಡ ಪೈಪು ಅಡ್ಡ ಇಡಿ. ಮೊದಲೆಲ್ಲ ಅಡಿಕೆ ಮರದ ದಂಬೆ (ಟೊಳ್ಳು ಮಾಡಿದ ಕಾಂಡ) ಇಡುತ್ತಿದ್ದೆವು. ಎರಡು ಮೂರು ಅಡಿ ಅಂತರದಲ್ಲಿ ಎರಡು ಸಾಲು ಕಲ್ಲಿನ ಗೋಡೆ, ನಡುವೆ ಮಣ್ಣು. ಬರೀ ಮರಳು ಮಣ್ಣು ಬೇಡ. ಗುಡ್ಡೆಯ ಅಂಟು ಇರುವ ಕೆಂಪು ಮಣ್ಣು ಒಳ್ಳೆಯದು. ಅರ್ಧ ಅಡಿ ಹಾಕಿ, ನೀರು ಚಿಮುಕಿಸಿ, ತುಳಿದು, ಆಮೇಲೆ ಮತ್ತೆ ಅರ್ಧ ಅಡಿ. ನಿಮ್ಮನ್ನು ತುಳಿಯಲು ಇಳಿಸಿದ್ದು ಆಟಕ್ಕಲ್ಲ, ಕಟ್ಟದ ಜೀವ ಇರುವುದೇ ಆ ತುಳಿತದಲ್ಲಿ. ಕಡೆಗೆ ಪೈಪಿನ ಬಾಯಿ ಮುಚ್ಚುವುದು. ಕೋಡಿಗೆ ಒಂದು ಕಡೆ ತಗ್ಗಿಸಿ ಚಪ್ಪಟೆ ಕಲ್ಲು ಹಾಸಿ, ಇಲ್ಲದಿದ್ದರೆ ಉಕ್ಕಿದ ನೀರು ಮಣ್ಣನ್ನೇ ಕೊಚ್ಚಿಕೊಂಡು ಹೋಗುತ್ತದೆ.

ಚೀಲದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಸಿಮೆಂಟಿನ ಪ್ಲಾಸ್ಟಿಕ್ ಚೀಲ ಸುಲಭ, ಎರಡು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಬಿಸಿಲಿಗೆ ಅದು ಎಳೆ ಎಳೆಯಾಗಿ ಹರಿಯುತ್ತದೆ, ಮಳೆಗಾಲದಲ್ಲಿ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತದೆ. ಅನಿವಾರ್ಯ ಆದರೆ ಕಟ್ಟದ ಎದುರು ಮೈಗೆ ಒಂದು ದಪ್ಪ ಟರ್ಪಾಲು ಹಾಸಿ, ಮಳೆಗೆ ಮೊದಲು ಮಡಚಿ ಮನೆಗೆ ತನ್ನಿ. ಹಾಗೇ ಕಟ್ಟ ಬಿಡಿಸುವಾಗ ಮಣ್ಣನ್ನು ತೋಡಿಗೆ ದೂಡಬೇಡಿ. ತೋಟಕ್ಕೆ ಹಾಕಿ. ಮೊದಲ ಮಳೆಗೆ ಮೀನು ಮೇಲೆ ಹತ್ತುತ್ತದೆ, ಅದರ ದಾರಿ ತೆರೆದಿರಬೇಕು. ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಬಿಡಿಸಿ ಮುಗಿಸಿ.

ಕೆಳಗಿನ ಮನೆಯವರ ಹೆದರಿಕೆ ಸಹಜ. ಅವರಿಗೆ ಹೀಗೆ ಹೇಳಿ. ಕಟ್ಟ ತುಂಬುವ ಎರಡು ಮೂರು ದಿನ ಮಾತ್ರ ಕೆಳಗೆ ನೀರು ಕಡಿಮೆ. ತುಂಬಿದ ಮೇಲೆ ಬಂದದ್ದೆಲ್ಲ ಕೋಡಿಯಲ್ಲಿ ಹೋಗುತ್ತದೆ, ಅದರ ಮೇಲೆ ಇಂಗಿದ ನೀರು ದಡದ ಅಡಿಯಿಂದ ಜಿನುಗಿ ಅವರ ಬಾವಿಗೂ ಬರುತ್ತದೆ. ಮೇಲಿನದು ತುಂಬುವ ದಿನಗಳಲ್ಲೇ ಒಣಗಿದ ಕೆಳಗಿನ ಜಾಗದಲ್ಲಿ ಅವರದ್ದೂ ಒಂದು ಕಟ್ಟ ಕಟ್ಟಿ ಕೊಡಿ. ಕೆಳಗಿನ ಕಟ್ಟದ ನೀರಿನ ಬಾಲ ಮೇಲಿನ ಕಟ್ಟದ ಬುಡ ಮುಟ್ಟಬೇಕು, ಆಗ ತೋಡು ಉದ್ದಕ್ಕೂ ನೀರು ನಿಲ್ಲುತ್ತದೆ. ಒಂಟಿ ಕಟ್ಟದಿಂದ ಲಾಭ ಸ್ವಲ್ಪವೇ.

ಇನ್ನೊಂದು. ನಮ್ಮಲ್ಲಿ ಕಟ್ಟದ ಗುಂಡಿಗೆ ಯಾರೂ ನೇರ ಪಂಪು ಇಡಬಾರದು ಅಂತ ಮಾತು ಇದೆ. ಅವರವರ ಬಾವಿ, ಕೆರೆಯಿಂದಲೇ ಎತ್ತುವುದು. ನೀರು ಬಂತು ಅಂತ ತೋಟಕ್ಕೆ ಹರಿಯಬಿಡಬೇಡಿ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಬುಡಕ್ಕೆ ಸೊಪ್ಪು, ತೆಂಗಿನ ಸಿಪ್ಪೆ ಹಾಕಿ.

ಪೆರ್ಲದ ಆಚೆಯಿಂದ

ಅಣ್ಣ ಹೇಳಿದ್ದೆಲ್ಲ ಸರಿ. ಆದರೆ ತೋಡಿನ ಮೇಲೆ ಗುಡ್ಡೆ ಹೇಗಿದೆ ಅಂತ ಯಾರೂ ಕೇಳಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ನಮ್ಮದು ಸುರಂಗದ ನೀರಿನ ಮನೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗೆ ಅಡ್ಡಲಾಗಿ ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಕೊರೆದದ್ದು. ಒಳಗೆ ಜಿನುಗಿದ ನೀರು ತಾನಾಗಿ ಹರಿದು ಅಂಗಳದ ಕೆರೆಗೆ ಬೀಳುತ್ತದೆ. ಕರೆಂಟು ಬೇಡ, ಹಗ್ಗ ಬೇಡ. ಮೂರು ತಲೆಮಾರು ಅದನ್ನೇ ಕುಡಿದಿದ್ದೇವೆ. ನಮ್ಮ ನೆತ್ತಿಯ ಮೇಲಿನ ಗುಡ್ಡೆಯಲ್ಲಿ ಯಾರೋ ಕಲ್ಲುಕೋರೆ ಶುರು ಮಾಡಿದ ಮೇಲೆ ಮೂರು ಬೇಸಿಗೆಯಲ್ಲಿ ನೀರಿನ ಧಾರೆ ನೂಲಿನಷ್ಟಾಯಿತು. ಮುರಕಲ್ಲು ಸ್ಪಂಜಿನ ಹಾಗೆ. ನೀರು ಬೇಗ ಕುಡಿಯುತ್ತದೆ, ಬೇಗ ಬಿಡುತ್ತದೆ. ಮೇಲೆ ಮುಳಿಹುಲ್ಲು, ಕುರುಚಲು ಕಾಡು, ತರಗೆಲೆ ಇದ್ದರೆ ಆ ಬಿಡುವುದು ನಿಧಾನ ಆಗುತ್ತದೆ. ಗುಡ್ಡೆ ಬೋಳಾದರೆ ಡಿಸೆಂಬರಿನಲ್ಲಿ ನಿಮ್ಮ ಕಟ್ಟಕ್ಕೆ ಬರಲು ನೀರು ಎಲ್ಲಿ ಉಳಿದಿರುತ್ತದೆ?

ಮೇಲೆ ಹಳೆಯ ಮದಕ (ಮಳೆನೀರು ನಿಲ್ಲುವ ಕೆರೆ) ಇದ್ದರೆ ಹೂಳು ತೆಗೆಸಿ. ಇಂಗುಗುಂಡಿ ತೋಡುವುದಾದರೆ ಸಮತಟ್ಟು ಜಾಗದಲ್ಲಿ ಮಾತ್ರ. ಕಡಿದಾದ ಇಳಿಜಾರಿನಲ್ಲಿ ಗುಂಡಿ ಮಾಡಿ ನೀರು ಇಂಗಿಸಬೇಡಿ, ಅಡಿಯ ಜೇಡಿ ಮಣ್ಣು ನೆನೆದರೆ ಗುಡ್ಡೆಯೇ ಜಾರುತ್ತದೆ.

ಮೇಲೆ ಮಾಡಿದ್ದು ಕೆಳಗೆ ಬರುತ್ತದೆ ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. 2000ದವರೆಗೆ ಗೇರು ತೋಪಿನ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬೀಳುತ್ತಿತ್ತು. ಅಮ್ಮ ಓಡಿ ಹೋಗಿ ಬಾವಿಗೆ ಮಡಲು (ತೆಂಗಿನ ಗರಿ) ಮುಚ್ಚುತ್ತಿದ್ದರು. ತೋಡಿಗೆ ಏನು ಮುಚ್ಚುವುದು? ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ನನ್ನ ತಂಗಿಗೆ ಈಗ 34 ವರ್ಷ, ಇನ್ನೂ ನಾನೇ ಊಟ ಮಾಡಿಸುತ್ತೇನೆ. ಅದಕ್ಕೇ ತೋಡಿನ ಬದಿಯ ತೋಟಗಳಿಗೆ ಕಳೆನಾಶಕ ಬಿಡಬಾರದು ಅಂತ ಕೂಡ ನಿಮ್ಮ ಆರು ಮನೆಯವರು ಮಾತು ಮಾಡಿಕೊಳ್ಳಿ. ನಿಲ್ಲಿಸಿದ ನೀರು ನಿಮ್ಮ ಬಾವಿಗೇ ಇಳಿಯುವುದು ಅಲ್ವಾ.

ಮಂಜೇಶ್ವರದ ಬಯಲಿನವ

ಬೇಡ ಅಂದ ಆ ಒಂದು ಮನೆಯ ಬಗ್ಗೆ ಹೇಳುತ್ತೇನೆ. ನಮ್ಮ ಊರಿನಲ್ಲಿ ಹಾಗೆ ಬೇಡ ಅಂದವನು ನಾನೇ.

ನನಗೆ ಯಾರ ಮೇಲೂ ಸಿಟ್ಟು ಇರಲಿಲ್ಲ. ನನ್ನ ತೋಟದ ಒಂದು ಮೂಲೆ ಬಹಳ ತಗ್ಗು. ಅಲ್ಲಿ 40 ಅಡಿಕೆ ಮರ ಇದೆ. ಕಟ್ಟದ ನೀರು ಹಿಂದೆ ಬಂದು ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ ಅಂತ ಹೆದರಿಕೆ. ಅದನ್ನು ಹೇಳಲು ನಾಚಿಕೆ ಆಗಿ 'ನನಗೆ ಬೋರು ಇದೆ, ಬೇಡ' ಅಂದಿದ್ದೆ. ಒಂದು ದಿನ ನೆರೆಮನೆಯವರು ಬಂದು ಜಗುಲಿಯಲ್ಲಿ ಕೂತು, ನಿಮ್ಮ ತೋಟ ಒಮ್ಮೆ ತೋರಿಸಿ ಅಂದರು. ಕಟ್ಟದ ಮಾತೇ ಎತ್ತಲಿಲ್ಲ. ಆ ಮೂಲೆಗೆ ಹೋದಾಗ ಅವರಿಗೇ ಗೊತ್ತಾಯಿತು. ಕಟ್ಟದ ಎತ್ತರ ಒಂದು ಅಡಿ ಇಳಿಸಿದರು, ನಾನು ಆ ಮೂಲೆಗೆ ಒಂದು ಕಣಿ (ನೀರು ಹೋಗುವ ಕಾಲುವೆ) ಆಳ ಮಾಡಿದೆ. ಈಗ ನಾಲ್ಕು ವರ್ಷ ಆಯಿತು, ಒಂದು ಮರವೂ ಹೋಗಲಿಲ್ಲ. ನೀವೂ ಹೋಗಿ ತೋಟ ನೋಡಿ.

ಪಂಚಾಯತಿನಲ್ಲಿ ಉದ್ಯೋಗ ಖಾತರಿಯಲ್ಲಿ ಇಂಥ ಕೆಲಸ ಮಾಡಿಸಲು ಅವಕಾಶ ಇದೆ, ಕೇಳಿ. ಅರ್ಜಿ ಕನ್ನಡದಲ್ಲೇ ಬರೆಯಿರಿ. ಇಲ್ಲಿ ನಮಗೆ ಆ ಹಕ್ಕು ಇದೆ.

ಬದಿಯಡ್ಕದವಳು

ಮೂವರಿಗೂ ಕೈ ಮುಗಿಯುತ್ತೇನೆ. ಪೆರ್ಲದ ಅಕ್ಕ, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ನಿಮ್ಮ ತಂಗಿಯನ್ನು ನೋಡಲು ಬರಬಹುದೇ ಅಂತ ಅಮ್ಮ ಕೇಳುತ್ತಿದ್ದಾರೆ.

ಮೊನ್ನೆ ಭಾನುವಾರ ಬಲ್ಲೆ ಕಡಿದು ನೋಡಿದೆವು. ಬಲದ ದಡದಲ್ಲಿ ಒಂಬತ್ತು ಕಲ್ಲು ಸಾಲಾಗಿ ಇವೆ, ಪಾಚಿ ಹಿಡಿದು ಹೋಗಿವೆ. ಅಡಿಯಲ್ಲಿ ಪಾದೆಯೂ ಇದೆ. ಅಮ್ಮ ಕೋಲೂರಿಕೊಂಡು ಬಂದು, ಕೋಡಿ ಈ ಬದಿಗೆ ಇತ್ತು ಅಂತ ತೋರಿಸಿದರು.

ಬೇಡ ಅಂದವರ ಮನೆಗೂ ಹೋಗಿದ್ದೆ. ತೋಟ ತೋರಿಸಿ ಅಂದೆ. ಅವರಲ್ಲಿ ತಗ್ಗು ಜಾಗ ಇಲ್ಲ. ಬೇರೆಯೇ ವಿಷಯ. ಕಟ್ಟ ನಿಂತ ವರ್ಷ ಮಣ್ಣು ತೆಗೆಯುವ ಜಾಗದ ಬಗ್ಗೆ ನನ್ನ ಅಪ್ಪನಿಗೂ ಅವರಿಗೂ ಮಾತು ಬೆಳೆದಿತ್ತಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಈ ಸಲ ಮಣ್ಣು ನಮ್ಮ ಗುಡ್ಡೆಯಿಂದಲೇ ತೆಗೆಯುತ್ತೇವೆ ಅಂದೆ. ಅವರು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಹೊರಡುವಾಗ, ಪೈಪು ಬೇಕಾದರೆ ಹಟ್ಟಿಯ ಹಿಂದೆ ಎಂಟಿಂಚಿನದ್ದು ಒಂದು ಬಿದ್ದಿದೆ ಅಂದರು.

ಡಿಸೆಂಬರ್ ಮೊದಲ ಶನಿವಾರ ಕೆಲಸ ಅಂತ ನಿಶ್ಚಯ ಮಾಡಿದ್ದೇವೆ, ಮರು ವಾರ ಕೆಳಗಿನ ಮನೆಯವರ ಕಟ್ಟ. ಕುಂಬ್ಡಾಜೆಯ ಅಣ್ಣ, ನಿಮಗೆ ಸಾಧ್ಯವಾದರೆ ಆ ದಿನ ಬನ್ನಿ. ಅವಲಕ್ಕಿ ಮಾಡಿರುತ್ತೇನೆ.