ಸಹಾಯ ಬೇಕು: ದೊಡ್ಡ ರಿಪೇರಿ ಖರ್ಚನ್ನು ಲೆಕ್ಕದಲ್ಲಿ ಎಲ್ಲಿ ಹಿಡಿಯುತ್ತೀರಿ?

ಬಾಡಿಗೆಗೆ ಕೊಟ್ಟಿರುವ ಒಂದು ಹಳೇ ಕಟ್ಟಡ ಕೊಳ್ಳೋಣ ಅಂತಿದ್ದೇನೆ. ಮಾರುವವರು ತೋರಿಸುವುದು ಬರೀ ಒಟ್ಟು ಬಾಡಿಗೆ. ಅದನ್ನೇ ನಂಬಿದರೆ ಮುಗೀತು ಕಥೆ! ಹಾಗಾಗಿ ತೆರಿಗೆ, ವಿಮೆ, ಸಣ್ಣಪುಟ್ಟ ರಿಪೇರಿ, ಮನೆ ಖಾಲಿ ಬಿದ್ದಾಗಿನ ನಷ್ಟ ಎಲ್ಲ ಕಳೆದು ನಿವ್ವಳ ಆದಾಯ ತೆಗೆದೆ. ಸಾಲದ ಕಂತನ್ನು ಇಲ್ಲಿ ಕಳೆಯಬಾರದು, ಅದು ಕೈಯಲ್ಲಿ ಉಳಿಯುವ ದುಡ್ಡಿನ ಲೆಕ್ಕಕ್ಕೆ ಬರುತ್ತದೆ, ಅಲ್ವಾ? ಅಲ್ಲಿವರೆಗೆ ಸರಿ.

ಗೊಂದಲ ಇರುವುದು ಚಾವಣಿ, ಲಿಫ್ಟ್, ಪೈಪ್‌ಲೈನ್‌ನಂಥ ದೊಡ್ಡ ಕೆಲಸಗಳಲ್ಲಿ. ಎಷ್ಟೋ ವರ್ಷಕ್ಕೊಮ್ಮೆ ಬರುತ್ತವೆ, ಬಂದರೆ ಜೇಬು ಖಾಲಿ. ಆಡಿಟರ್‌ ಅವರನ್ನು ಕೇಳಿದೆ, ತೆರಿಗೆ ವಿಷಯ ಮಾತ್ರ ಹೇಳಿದರು. ಇದಕ್ಕೆಂದು ಎತ್ತಿಡುವ ಹಣವನ್ನು ಕಳೆದರೆ ಕಟ್ಟಡ ದುಬಾರಿ ಅನ್ನಿಸುತ್ತದೆ, ಬಿಟ್ಟರೆ ಅಗ್ಗ.

ಬೇರೆ ಕಟ್ಟಡಗಳ ಜೊತೆ ಹೋಲಿಸುವಾಗ ನೀವು ಇದನ್ನು ನಿವ್ವಳ ಆದಾಯದಲ್ಲೇ ಕಳೆಯುತ್ತೀರಾ, ಇಲ್ಲ ಚೌಕಾಸಿ ಮಾಡುವಾಗ ಬೆಲೆಯಲ್ಲಿ ಇಳಿಸಿ ಕೇಳುತ್ತೀರಾ?